ಚಿಂದಿ ಪಟ್ಟಿಯ ಮೇಲಿನ ಮೂರು ಕಾಜಾ

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒಂದು ಸಾಲು ಮೇಲಕ್ಕೆ ಹತ್ತಿದರೆ ಇನ್ನೊಂದು ಕೆಳಕ್ಕೆ ಜಾರುತ್ತದೆ. ಎಂಟನೇ ತರಗತಿಗೇ ಶಾಲೆ ಬಿಟ್ಟವಳು, ದೊಡ್ಡ ಮಾತುಗಳೂ ಬರುವುದಿಲ್ಲ. ಡಯಾಲಿಸಿಸ್ ವಿಭಾಗದ ಹೊರಗೆ ಬೆಂಚಿನ ಮೇಲೆ ಕಾಯುವವರು ಓದಲಿ ಎಂದು ಇಟ್ಟಿರುವ ಈ ಪುಸ್ತಕದಲ್ಲಿ, ನಡೆದದ್ದನ್ನು ಬರೆಯಿರಿ ಎಂದು ಸಿಸ್ಟರ್ ನಮ್ಮ ದೊಡ್ಡಮ್ಮನಿಗೆ ಹೇಳಿದ್ದರು. ಪೆನ್ನು ತನ್ನ ಕೈಗೆ ಒಗ್ಗುವುದಿಲ್ಲ ಎಂದು ದೊಡ್ಡಮ್ಮ ಪುಸ್ತಕವನ್ನು ನನ್ನ ಕಡೆ ಸರಿಸಿದಳು. ನಾನು ಕಣ್ಣಾರೆ ನೋಡದ್ದನ್ನು ಎರಡೆರಡು ಸಲ ಕೇಳಿ ಬರೆದಿದ್ದೇನೆ. ತಪ್ಪು ಉಳಿದಿದ್ದರೆ ಅದು ನನ್ನದು, ಅವಳದಲ್ಲ.

ದೊಡ್ಡಮ್ಮನ ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಬಾಗಿಲ ಪಕ್ಕ ಕತ್ತರಿಸುವ ಉದ್ದನೆಯ ಮೇಜು, ಅಲ್ಲಿ ದೊಡ್ಡಪ್ಪ. ಗೋಡೆಗೆ ಒರಗಿ ಎರಡು ಮಿಷನ್ನು, ಒಂದರ ಮುಂದೆ ದೊಡ್ಡಮ್ಮ. ಬೆಳಕು ಚೆನ್ನಾಗಿ ಬೀಳುವ ಕಿಟಕಿಯ ಹತ್ತಿರ ಒಂದು ಗಿಡ್ಡ ಸ್ಟೂಲು, ಅದು ದೊಡ್ಡಪ್ಪನ ತಾಯಿಯದು. ಆ ಬೀದಿಯಲ್ಲಿ ಯಾರಿಗೂ ಅವಳ ಹೆಸರು ನೆನಪಿಲ್ಲ. ಎಲ್ಲರಿಗೂ ಅವಳು ಕಾಜಾ ಅಜ್ಜಿ. ಕೋಟಿನ ಗುಂಡಿ ತೂರುವ ಕಾಜಾವನ್ನು ಕೈಯಲ್ಲೇ ಹೊಲಿಯುವವರು ಈಗ ಬೆರಳೆಣಿಕೆಯಷ್ಟು. ವಕೀಲರು, ಬ್ಯಾಂಡಿನವರು, ದೊಡ್ಡ ಹೋಟೆಲಿನ ಬಾಗಿಲಲ್ಲಿ ನಿಲ್ಲುವವರು, ಇವರೆಲ್ಲ ಆ ಅಂಗಡಿಯನ್ನು ಹುಡುಕಿಕೊಂಡು ಬರುವುದು ಅಜ್ಜಿಯ ಬೆರಳಿಗೋಸ್ಕರ.

ಮಿಷನ್ನಿನ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಕಾಜಾ ಹಾಗಲ್ಲ. ಮೊದಲು ಬಟ್ಟೆಯನ್ನು ಕತ್ತರಿಸಬೇಕು, ಆಮೇಲೆ ಕತ್ತರಿಸಿದ ಅಂಚನ್ನು ದಾರದಿಂದ ಒತ್ತೊತ್ತಾಗಿ ಕಟ್ಟುತ್ತಾ ಬರಬೇಕು. ಕತ್ತರಿ ಒಂದು ಸಲ ಬಿತ್ತೆಂದರೆ ಬಿತ್ತು, ಹಿಂದಕ್ಕೆ ಬರುವ ದಾರಿ ಇಲ್ಲ. ಅದಕ್ಕೇ ಅಜ್ಜಿಯದೊಂದು ಕಟ್ಟುನಿಟ್ಟು ಇತ್ತು. ಬೆಳಿಗ್ಗೆ ಎಂಟಕ್ಕೆ ಸ್ಟೂಲಿನ ಮೇಲೆ ಕೂತವಳು ಗಿರಾಕಿಯ ಬಟ್ಟೆ ಮುಟ್ಟುವ ಮೊದಲು ಚಿಂದಿ ಪಟ್ಟಿಯ ಮೇಲೆ ಮೂರು ಕಾಜಾ ಮಾಡುತ್ತಿದ್ದಳು. ಮೂರೂ ಸರಿಬಂದರೆ ಕೋಟು ಎತ್ತಿಕೊಳ್ಳುವುದು, ಬರದಿದ್ದರೆ ಆ ದಿನ ಗುಂಡಿ ಹಚ್ಚುವುದು ಮಾತ್ರ. ಪಟ್ಟಿ ಮುಗಿದಂತೆ ತುದಿಗೆ ಇನ್ನೊಂದು ಚಿಂದಿ ಜೋಡಿಸಿ ಸುತ್ತುತ್ತಾ ಹೋಗುತ್ತಿದ್ದಳು. ಸೋಮವಾರ ಬಂದಾಗ ಒಂದು ಕೆಂಪು ಹೊಲಿಗೆ ಹಾಕಿ ವಾರ ಗುರುತಿಸುತ್ತಿದ್ದಳು. ಆ ಸುರುಳಿ ಯಾರಿಗೂ ತೋರಿಸುವುದಕ್ಕಲ್ಲ. ಕೈ ಇವತ್ತು ತನ್ನ ಮಾತು ಕೇಳುತ್ತದೆಯೋ ಇಲ್ಲವೋ ನೋಡಿಕೊಳ್ಳುವುದಕ್ಕೆ, ಅಷ್ಟೇ ಎನ್ನುತ್ತಿದ್ದಳು.

ದೊಡ್ಡಮ್ಮ ಹತ್ತೊಂಬತ್ತು ವರ್ಷಕ್ಕೆ ಸೊಸೆಯಾಗಿ ಆ ಮನೆಗೆ ಬಂದಾಗ ಅವಳಿಗೆ ಸೂಜಿಗೆ ದಾರ ಪೋಣಿಸಲೂ ನೆಟ್ಟಗೆ ಬರುತ್ತಿರಲಿಲ್ಲ. ಅಜ್ಜಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿಂದಿ ಕೊಟ್ಟಳು. ದಿನ ಹೋಯಿತು, ತಿಂಗಳು ಹೋಯಿತು, ಚಿಂದಿ ಮುಗಿಯಲಿಲ್ಲ. ದೊಡ್ಡಮ್ಮ ಮಾಡಿದ ಕಾಜಾವನ್ನು ಕಿಟಕಿಯ ಬೆಳಕಿಗೆ ಹಿಡಿದು ಅಜ್ಜಿ ಕೇಳುತ್ತಿದ್ದ ಪ್ರಶ್ನೆ ಒಂದೇ.

"ಇದನ್ನ ನೀನು ಮಾಡಿದ್ದಾ, ಇಲಿ ಮಾಡಿದ್ದಾ?"

ದೊಡ್ಡಮ್ಮ ಕೋಟಿನ ಲೈನಿಂಗಿನಲ್ಲಿ ಕಣ್ಣೊರೆಸಿಕೊಂಡದ್ದು ಎಷ್ಟು ಸಲವೋ. ಲೈನಿಂಗಿಗೆ ಉಪ್ಪು ಹತ್ತಿದರೆ ಕಲೆ ಉಳಿಯುತ್ತದೆ ಎಂದು ಅದಕ್ಕೂ ಬೈಸಿಕೊಂಡಿದ್ದಾಳೆ. ಹದಿನಾಲ್ಕು ತಿಂಗಳಾದ ಮೇಲೆ ಒಂದು ದಿನ ಅಜ್ಜಿ ಒಬ್ಬ ಗಿರಾಕಿಯ ಕೋಟನ್ನು ಅವಳ ಮಡಿಲಿಗೆ ಹಾಕಿದಳು. ದೊಡ್ಡಮ್ಮ ಉಸಿರು ಬಿಗಿಹಿಡಿದು ನಾಲ್ಕು ಕಾಜಾ ಮಾಡಿದಳು. ಅಜ್ಜಿ ನಾಲ್ಕನ್ನೂ ಉಗುರಿನಿಂದ ಸವರಿ ನೋಡಿ, ನಾಳೆ ಇನ್ನೊಂದು ಕೋಟು ಇದೆ ಎಂದಳು. ಅದಕ್ಕಿಂತ ದೊಡ್ಡ ಬಿರುದು ತನಗೆ ಈವರೆಗೆ ಯಾರೂ ಕೊಟ್ಟಿಲ್ಲ ಎಂದು ದೊಡ್ಡಮ್ಮ ಈಗಲೂ ಹೇಳುತ್ತಾಳೆ.

ನಾಲ್ಕು ವರ್ಷದ ಹಿಂದೆ ಅಜ್ಜಿಯ ಪಾದ ಊದಿಕೊಂಡಿತು. ಬಿಪಿ ಒಳಗೊಳಗೇ ಎರಡೂ ಕಿಡ್ನಿಯನ್ನು ತಿಂದುಹಾಕಿತ್ತು. ಆಗಿನಿಂದ ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಡಯಾಲಿಸಿಸ್. ಕರೆದುಕೊಂಡು ಹೋಗುವವಳು ದೊಡ್ಡಮ್ಮ. ದಿನಕ್ಕೆ ಎಷ್ಟು ಲೋಟ ನೀರು, ತೂಕ ಎಷ್ಟು ಏರಿದೆ, ಯಾವ ಹಣ್ಣು ಕೂಡದು, ಇದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಡಯಾಲಿಸಿಸ್‌ಗೆ ರಕ್ತ ತೆಗೆಯಲು ಅಜ್ಜಿಯ ಎಡಗೈಯಲ್ಲಿ ಮಾಡಿದ್ದ ರಕ್ತನಾಳಗಳ ಜೋಡಣೆ ಮುಚ್ಚಿಹೋಗಿ ಕತ್ತಿನ ಬುಡದಲ್ಲಿ ಪೈಪು ಹಾಕಿದ್ದರು. ಆ ಪೈಪಿನ ಪಟ್ಟಿಗೆ ನೀರು ತಾಗದಂತೆ ಸ್ನಾನ ಮಾಡಿಸುವುದೂ ಅವಳ ಪಾಲಿನ ಕೆಲಸವೇ. ಸೊಸೆ ತನ್ನನ್ನು ಗಾಜಿನ ಬಳೆ ತೊಳೆದ ಹಾಗೆ ತೊಳೆಯುತ್ತಾಳೆ ಎಂದು ಅಜ್ಜಿ ಪಕ್ಕದ ಮನೆಯವರ ಮುಂದೆ ನಗಾಡುತ್ತಿದ್ದಳು. ಎದುರಿಗೆ ಮಾತ್ರ ಹೇಳುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅಜ್ಜಿಗೆ ಹಲ್ಲು ಕಟಕಟ ಎನ್ನುವಷ್ಟು ಚಳಿ, ಮೈ ಕೆಂಡ. ಡಯಾಲಿಸಿಸ್ ವಿಭಾಗಕ್ಕೆ ಆ ದಿನ ರಜೆ. ಮನೆಯ ಹತ್ತಿರದ ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದರು. ಪೈಪಿನಿಂದ ರಕ್ತಕ್ಕೆ ಸೋಂಕು ಇಳಿದಿರಬೇಕು ಎಂದು ಅಲ್ಲಿನ ಡಾಕ್ಟರು ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಸೋಂಕು ಕೊಲ್ಲುವ ಒಂದು ಇಂಜೆಕ್ಷನ್ ಬರೆದರು. ದಿನಕ್ಕೆರಡು ಸಲ, ಹತ್ತು ದಿನ. ಕಿಡ್ನಿ ಹೋಗಿದೆ, ಡಯಾಲಿಸಿಸ್ ನಡೆಯುತ್ತಿದೆ ಎಂದು ದೊಡ್ಡಮ್ಮ ಹೇಳಿದಳು. ಅವರು ತಲೆಯಾಡಿಸಿದರು. ಆದರೆ ಚೀಟಿಗೆ ಬಿದ್ದದ್ದು ಕಿಡ್ನಿ ನೆಟ್ಟಗಿರುವವರಿಗೆ ಕೊಡುವ ಅಳತೆ. ಗದ್ದಲದ ಭಾನುವಾರ, ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ಆಗ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಸೋಮವಾರದಿಂದ ಆ ಆಸ್ಪತ್ರೆಯ ನರ್ಸಮ್ಮ ಬೆಳಿಗ್ಗೆ ಹತ್ತಕ್ಕೆ ಮತ್ತು ಸಂಜೆ ಮನೆಗೇ ಬಂದು ಇಂಜೆಕ್ಷನ್ ಕೊಟ್ಟು ಹೋಗತೊಡಗಿದಳು. ಎರಡೇ ದಿನಕ್ಕೆ ಜ್ವರ ಬಿಟ್ಟಿತು. ಮಂಗಳವಾರ ಡಯಾಲಿಸಿಸ್‌ನ ಸಿಸ್ಟರ್ ವಿಷಯ ಕೇಳಿ, ಇಂಜೆಕ್ಷನ್ನಿನ ಚೀಟಿ ಮುಂದಿನ ಸಲ ತನ್ನಿ ಎಂದರು. ಮುಂದಿನ ಎರಡು ಸಲ ಹೋದದ್ದು ದೊಡ್ಡಪ್ಪ. ಬ್ಯಾಂಡಿನವರ ಹನ್ನೆರಡು ಕೋಟು ವಾರದೊಳಗೆ ಮುಗಿಸಬೇಕಿತ್ತು, ದೊಡ್ಡಮ್ಮ ಮಿಷನ್ನಿನಿಂದ ಏಳುವಂತಿರಲಿಲ್ಲ. ದೊಡ್ಡಪ್ಪ ಬಟ್ಟೆಯನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯುತ್ತಾರೆ, ಚೀಟಿ ಮಾತ್ರ ಎರಡು ಸಲವೂ ಮರೆತರು. ಹೇಗಿದ್ದಾರೆ ಎಂದು ಅಲ್ಲಿ ಯಾರಾದರೂ ಕೇಳಿದರೆ, ಪರವಾಗಿಲ್ಲ ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕೂರುತ್ತಿದ್ದರು. ಮಾತು ಆಡಿದರೆ ಬಟ್ಟೆ ಸವೆಯುತ್ತದೆ ಎನ್ನುವ ಜಾತಿಯ ಮನುಷ್ಯ ಅವರು.

ಗುರುವಾರ ಬೆಳಿಗ್ಗೆ ಅಜ್ಜಿ ಒಂದೇ ಮಾತನ್ನು ಎರಡು ಸಲ ಹೇಳಿದಳು. ಕಪ್ಪು ದಾರದ ಉಂಡೆ ಕೊಡು ಎಂದಳು, ಕೊಟ್ಟ ಮೇಲೂ ಮತ್ತೆ ಕಪ್ಪು ದಾರದ ಉಂಡೆ ಕೊಡು ಎಂದಳು. ಸೂಜಿ ಅವಳ ಬೆರಳಿನಿಂದ ಹಾರಿ ಮೇಜಿನ ಕೆಳಗೆ ಬಿತ್ತು. ಸೂಜಿಗೆ ರೆಕ್ಕೆ ಬಂದಿದೆ ಎಂದು ದೊಡ್ಡಮ್ಮ ತಮಾಷೆ ಮಾಡಿದಳು. ಅಜ್ಜಿ ನಗಲಿಲ್ಲ. ಶುಕ್ರವಾರ ಮತ್ತೆ ಸರಿಯಾಗಿದ್ದಳು, ಕಾಜಾ ಮೂರೂ ಅಚ್ಚುಕಟ್ಟು. ಶನಿವಾರ ಕತ್ತರಿಯನ್ನು ಚಮಚ ಎಂದು ಕರೆದಳು. ಚಹಾದ ಲೋಟ ಹಿಡಿದ ಕೈ ಯಾರೋ ದಾರ ಕಟ್ಟಿ ಎಳೆದಂತೆ ಎಗರಿ, ಚಹಾ ಎಲ್ಲ ಸೆರಗಿನ ಮೇಲೆ.

ಅದೇ ಶನಿವಾರ ನಡೆಯಬಾರದ ಇನ್ನೊಂದು ನಡೆಯಿತು. ಗಂಡಸರ ಕೋಟಿಗೆ ಕಾಜಾ ಎಡಗಡೆ, ಗುಂಡಿ ಬಲಗಡೆ. ಹೊಲಿಗೆ ಮನೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ಸಂಗತಿ. ಅಜ್ಜಿ ಬ್ಯಾಂಡಿನವರ ಕೋಟಿನ ಬಲಗಡೆಗೆ ಕತ್ತರಿ ಹಾಕಿಬಿಟ್ಟಿದ್ದಳು. ಐವತ್ತು ವರ್ಷದಲ್ಲಿ ಒಮ್ಮೆಯೂ ಆಗದ ತಪ್ಪು. ದೊಡ್ಡಪ್ಪ ಆಗ ಹೊರಗೆ ಬಸ್ಸಿನ ಹೊತ್ತು ನೋಡಲು ಹೋಗಿದ್ದರು. ದೊಡ್ಡಮ್ಮ ಮಿಷನ್ನು ನಿಲ್ಲಿಸಿದಳು. ಅತ್ತೆಯ ಮುಖ ನೋಡಿದಳು. ಅತ್ತೆಗೆ ತಾನು ಮಾಡಿದ್ದು ಗೊತ್ತೇ ಇರಲಿಲ್ಲ, ನೆಮ್ಮದಿಯಿಂದ ಅಂಚು ಕಟ್ಟುತ್ತಿದ್ದಳು. ದೊಡ್ಡಮ್ಮ ಕೋಟನ್ನು ಮೆಲ್ಲಗೆ ಅವಳ ಮಡಿಲಿನಿಂದ ಜಾರಿಸಿಕೊಂಡು, ಉಳಿದಿದ್ದ ಬಟ್ಟೆಯಲ್ಲಿ ಹೊಸ ಬಲಭಾಗ ಕತ್ತರಿಸಿ, ಗಂಡನಿಗೆ ಸುಳಿವು ಸಿಗದಂತೆ ಜೋಡಿಸಿಟ್ಟಳು.

ಚಿಂದಿ ಪಟ್ಟಿಗೂ ಅವಳು ಕೈ ಹಾಕಿದಳು. ಶನಿವಾರ ಅಜ್ಜಿ ಎರಡೇ ಕಾಜಾ ಮಾಡಿ ಬಿಟ್ಟಿದ್ದಳು, ಎರಡೂ ಸೊಟ್ಟ. ದೊಡ್ಡಪ್ಪ ಪಟ್ಟಿಯನ್ನು ಹೋಗುತ್ತಾ ಬರುತ್ತಾ ಒಮ್ಮೆ ನೋಡುವವರು. ಅವರಿಗೆ ಗೊತ್ತಾದರೆ ಅಮ್ಮನನ್ನು ಕೆಲಸದಿಂದ ಎಬ್ಬಿಸುತ್ತಾರೆ, ಎಬ್ಬಿಸಿದರೆ ಅಜ್ಜಿ ಎದೆಯೊಡೆದುಕೊಳ್ಳುತ್ತಾಳೆ. ಹೀಗೆ ಲೆಕ್ಕ ಹಾಕಿ ಮೂರನೆಯ ಕಾಜಾವನ್ನು ದೊಡ್ಡಮ್ಮ ತಾನೇ ಮಾಡಿ ಸೇರಿಸಿದಳು. ಅದು ಪ್ರೀತಿಯಿಂದಲೇ ಮಾಡಿದ ಕೆಲಸ. ಆದರೆ ಅದರಿಂದಾಗಿ ಎರಡು ದಿನ ದಂಡವಾಯಿತು ಎಂದು, ಇದನ್ನು ಖಂಡಿತ ಬರಿ ಎಂದು ದೊಡ್ಡಮ್ಮನೇ ಹೇಳಿದ್ದಾಳೆ.

ಭಾನುವಾರ ಅಜ್ಜಿ ಮತ್ತೆ ಸುಧಾರಿಸಿದಳು. ಮೂರು ಕಾಜಾವೂ ಅವಳವೇ, ಅಷ್ಟೇನೂ ಕೆಟ್ಟಿರಲಿಲ್ಲ. ಸೋಮವಾರ ಕೆಂಪು ಹೊಲಿಗೆ ಹಾಕಿದಳು, ಒಂದು ಕಾಜಾ ಅರ್ಧ ಮಾಡಿದಳು, ಆಮೇಲೆ ಗೋಡೆಯನ್ನೇ ನೋಡುತ್ತಾ ಕೂತುಬಿಟ್ಟಳು. ಉಳಿದ ಎರಡನ್ನು ದೊಡ್ಡಮ್ಮ ತುಂಬಿಸಿದಳು. ಹತ್ತರ ಇಂಜೆಕ್ಷನ್ ಆಗಿ ಸ್ವಲ್ಪ ಹೊತ್ತಿಗೆ ಅಜ್ಜಿ ಮಗನನ್ನು ಮಾವ ಎಂದು ಕರೆದಳು, ಅಂದರೆ ಸತ್ತು ಮೂವತ್ತು ವರ್ಷವಾದ ತನ್ನ ಮಾವ. ದೊಡ್ಡಪ್ಪ ಟೇಪನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟು ಅಕ್ಕನಿಗೆ ಫೋನು ಮಾಡಿದರು.

ದೊಡ್ಡಪ್ಪನ ಅಕ್ಕ, ಅಂದರೆ ದೊಡ್ಡಮ್ಮನ ಅತ್ತಿಗೆ, ಗಟ್ಟಿಗಿತ್ತಿ. ಬಂದವಳೇ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿದಳು. ರಕ್ತ ಹೆಪ್ಪುಗಟ್ಟಿಲ್ಲ, ಲಕ್ವ ಅಲ್ಲ ಎಂದರು. ಅಲ್ಲಿದ್ದ ಎಳೆಯ ಡಾಕ್ಟರು, ಎಪ್ಪತ್ತೆರಡು ವರ್ಷ, ಅದರ ಮೇಲೆ ನಾಲ್ಕು ವರ್ಷದ ಡಯಾಲಿಸಿಸ್, ಮಿದುಳು ದಣಿದಿರುತ್ತದೆ, ಮರೆವಿನ ಶುರು ಇರಬಹುದು ಎಂದರು. ಮನೆಗೆ ಬಂದ ಅಕ್ಕ ಕಿಟಕಿಯ ಬಳಿಯ ಸ್ಟೂಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು.

"ನಾಳೆ ಡಯಾಲಿಸಿಸ್ ಮುಗಿಸಿ ಅಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಸೂಜಿ, ಕತ್ತರಿ, ಆ ಚಿಂದಿ ಎಲ್ಲ ಎತ್ತಿಡು. ಕಾಯಿಲೆ ಮುದುಕೀನ ಕೂರಿಸಿಕೊಂಡು ಕೋಟು ಹೊಲಿಸ್ತಿದ್ರಲ್ಲ, ಅದಕ್ಕೇ ಹೀಗಾಗಿರೋದು."

ದೊಡ್ಡಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಸ್ಟೂಲಿನಿಂದ ಎಬ್ಬಿಸಿದರೆ ಅಜ್ಜಿ ಊಟ ಬಿಡುತ್ತಾಳೆ ಎಂದು ಹೇಳಬೇಕೆನಿಸಿತು. ಆದರೆ ಅತ್ತಿಗೆಯ ಮಾತಿನಲ್ಲಿ ಸುಳ್ಳಿದೆ ಎಂದು ತೋರಿಸಲು ಅವಳ ಕೈಯಲ್ಲಿ ಏನೂ ಇರಲಿಲ್ಲ. ಅಜ್ಜಿಯ ಬುದ್ಧಿ ನಿಜಕ್ಕೂ ಹೋಗೇ ಹೋಯಿತು ಎಂದು ಅವಳಿಗೂ ಅನಿಸತೊಡಗಿತ್ತು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅಜ್ಜಿ ಯಾರೂ ಹೇಳದೆ ಸ್ಟೂಲನ್ನು ಎಳೆದುಕೊಂಡು ಕಿಟಕಿಯ ಬಳಿ ಕೂತಳು. ಪಟ್ಟಿಯ ಮೇಲೆ ಕತ್ತರಿ ಹಾಕಿದಳು, ಉದ್ದಕ್ಕಲ್ಲ, ಅಡ್ಡಕ್ಕೆ. ದಾರವಿಲ್ಲದ ಸೂಜಿಯಿಂದ ಆ ಸೀಳನ್ನು ಹೊಲಿಯುತ್ತಾ ಹೋದಳು. ಸೂಜಿ ಹೋಗುತ್ತಿತ್ತು, ಬರುತ್ತಿತ್ತು, ಬಟ್ಟೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ದೊಡ್ಡಮ್ಮ ಅವಳ ಕೈಯಿಂದ ಪಟ್ಟಿ ತೆಗೆದುಕೊಂಡು, ಅತ್ತಿಗೆ ಹೇಳಿದಂತೆ ಪೆಟ್ಟಿಗೆಗೆ ಹಾಕಲು ಹೊರಟಳು.

ಆದರೆ ಮುದುಡಿದ ಬಟ್ಟೆಯನ್ನು ಹಾಗೇ ಪೆಟ್ಟಿಗೆಗೆ ಹಾಕುವುದು ಆ ಮನೆಯಲ್ಲಿ ಪಾಪ. ಚಿಂದಿಯಾದರೂ ಇಸ್ತ್ರಿ ಹಾಕಿಯೇ ಮಡಿಸಬೇಕು. ಅಜ್ಜಿ ಕಲಿಸಿದ ಪಾಠ. ದೊಡ್ಡಮ್ಮ ಇಸ್ತ್ರಿ ಪೆಟ್ಟಿಗೆ ಕಾಯಿಸಿ, ಸುರುಳಿಯನ್ನು ಬಿಚ್ಚಿ ಉದ್ದನೆಯ ಮೇಜಿನ ಮೇಲೆ ಹರಡಿದಳು. ದಿನಕ್ಕೆ ಮೂರರಂತೆ ತುಂಡು ತುಂಡಾಗಿ ಮಾತ್ರ ನೋಡಿದ್ದ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಅವಳು ನೋಡಿದ್ದು ಅದೇ ಮೊದಲು.

ಇಸ್ತ್ರಿ ಹೋದ ವಾರದ ಸೋಮವಾರದ ಕೆಂಪು ಹೊಲಿಗೆಯವರೆಗೆ ಬಂದು ನಿಂತಿತು. ತಿಂಗಳುಗಟ್ಟಲೆ ಕಾಜಾಗಳು ಒಂದೇ ಅಳತೆ. ಆ ವಾರದಿಂದ ಮಾತ್ರ ಏರಿಳಿತ. ಇಳಿಯುತ್ತಾ ಹೋಗಿದ್ದರೆ ವಯಸ್ಸು ಎನ್ನಬಹುದಿತ್ತು. ಇದು ಇಳಿದು, ಏರಿ, ಇನ್ನೂ ಆಳಕ್ಕೆ ಇಳಿದು, ಮತ್ತೆ ಏರಿತ್ತು. ದೊಡ್ಡಮ್ಮ ಇಸ್ತ್ರಿಯನ್ನು ಎತ್ತಿಟ್ಟು ಸೀಮೆಸುಣ್ಣ ತೆಗೆದುಕೊಂಡಳು. ಮೊದಲು ತಾನು ಸೇರಿಸಿದ ಮೂರು ಕಾಜಾಗಳ ಮೇಲೆ ಅಡ್ಡಗೆರೆ ಎಳೆದಳು. ಅವು ಲೆಕ್ಕಕ್ಕಿಲ್ಲ. ಆಮೇಲೆ ಒಂದೊಂದು ದಿನಕ್ಕೂ ಗುರುತು ಹಾಕಿದಳು. ಚೆನ್ನಾಗಿದ್ದದ್ದು ಬುಧವಾರ, ಶುಕ್ರವಾರ, ಭಾನುವಾರ. ಮೂರೂ ಡಯಾಲಿಸಿಸ್‌ನ ಮಾರನೆಯ ಬೆಳಗು. ಡಯಾಲಿಸಿಸ್ ಇಲ್ಲದೆ ಎರಡು ದಿನ ಕಳೆದ ಮೇಲೆ ಬಂದ ಇವತ್ತಿನ ಬೆಳಗೇ ಎಲ್ಲಕ್ಕಿಂತ ಕೆಟ್ಟದ್ದು.

ಡಯಾಲಿಸಿಸ್ ಮಷೀನು ಅಜ್ಜಿಯ ಮೈಯಿಂದ ಏನನ್ನೋ ತೆಗೆಯುತ್ತಿದೆ, ಯಾರೋ ಅದನ್ನು ಮತ್ತೆ ಮತ್ತೆ ಒಳಗೆ ಹಾಕುತ್ತಿದ್ದಾರೆ ಎಂದು ಅವಳಿಗೆ ಹೊಳೆಯಿತು. ಊಟ ಅದೇ, ಬಿಪಿ ಮಾತ್ರೆ ಅದೇ, ನೀರು ಅದೇ. ಹೊಸದಾಗಿ ಸೇರಿದ್ದು ಒಂದೇ ಒಂದು. ಅದು ಹೊಳೆಯುವ ಹೊತ್ತಿಗೆ ನರ್ಸಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು.

ದೊಡ್ಡಮ್ಮ ಜಗಳದ ಹೆಣ್ಣಲ್ಲ. ಗಿರಾಕಿ ತಪ್ಪು ಹೇಳಿದರೂ ಹೂಂ ಅಂದುಕೊಂಡು ಆಮೇಲೆ ಸರಿ ಮಾಡುವವಳು. ಆ ದಿನ ಅವಳು ಅಜ್ಜಿಗೂ ನರ್ಸಮ್ಮನಿಗೂ ಮಧ್ಯೆ ನಿಂತುಕೊಂಡಳು. ಇನ್ನೊಂದು ಗಂಟೆಯಲ್ಲಿ ಡಯಾಲಿಸಿಸ್‌ಗೆ ಹೋಗುತ್ತೇವೆ, ಅಲ್ಲಿ ಕಿಡ್ನಿ ಡಾಕ್ಟರನ್ನು ಕೇಳಿದ ಮೇಲೆ ಈ ಇಂಜೆಕ್ಷನ್ ಕೊಡಿಸುತ್ತೇನೆ, ಸೀಸೆ ನನ್ನ ಕೈಗೆ ಕೊಡಿ ಎಂದಳು. ನರ್ಸಮ್ಮ ಮುಖ ಗಂಟು ಹಾಕಿಕೊಂಡಳು. ಒಳಗಿನಿಂದ ಬಂದ ಅತ್ತಿಗೆ, ಸೋಂಕು ರಕ್ತಕ್ಕೆ ಇಳಿದವರಿಗೆ ಔಷಧಿ ತಪ್ಪಿಸಿದರೆ ಜೀವ ಹೋಗುತ್ತದೆ, ನೀನು ಯಾವ ಡಾಕ್ಟರು ಎಂದು ಕೇಳಿದಳು.

"ಡಾಕ್ಟರಲ್ಲ ಅತ್ತಿಗೆ, ಅದಕ್ಕೇ ಕೇಳಿ ಬರ್ತೀನಿ ಅಂತಿರೋದು. ಬೇಡ ಅಂತಿಲ್ಲ. ಒಂದು ಗಂಟೆ ತಡೀರಿ ಅಂತಿದೀನಿ."

ಅತ್ತಿಗೆ ತಮ್ಮನ ಕಡೆ ತಿರುಗಿದಳು. ದೊಡ್ಡಪ್ಪ ಮೇಜಿನ ಮೇಲಿನ ಪಟ್ಟಿಯನ್ನು ನೋಡುತ್ತಿದ್ದರು. ಬಟ್ಟೆಯ ಮೇಲಿನ ಸೀಮೆಸುಣ್ಣದ ಗುರುತು ಓದುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡು, ಅಮ್ಮನ ಕೈ ಹಿಡಿದರು. ಎಲ್ಲರೂ ಹೊರಟರು.

ಡಯಾಲಿಸಿಸ್ ವಿಭಾಗದಲ್ಲಿ ಸಿಸ್ಟರ್ ಸೀಸೆಯ ಮೇಲಿನ ಹೆಸರು ಓದಿದರು. ಸೆಫೆಪಿಮ್. ಚೀಟಿಯಲ್ಲಿ ಬರೆದಿದ್ದ ಅಳತೆ ಓದಿದರು. ಇನ್ನೊಂದು ಮಾತಾಡದೆ ಕಿಡ್ನಿ ಡಾಕ್ಟರನ್ನು ಕರೆತಂದರು. ನರೆಗೂದಲಿನ, ಕಡಿಮೆ ಮಾತಿನ ಹೆಂಗಸು ಅವರು. ಅಜ್ಜಿಗೆ ಎರಡು ಕೈ ಮುಂದೆ ಚಾಚಲು ಹೇಳಿದರು. ಚಾಚಿದ ಅಂಗೈಗಳು ಹಕ್ಕಿ ರೆಕ್ಕೆ ಬಡಿದಂತೆ ಬಡಿದವು. ಈ ದಿನ ಯಾವ ವಾರ ಎಂದು ಕೇಳಿದರು. ಅಜ್ಜಿ, ದಾರ, ದಾರ, ದಾರ ಎಂದಳು.

ಯಾವಾಗ ಶುರುವಾಯಿತು, ಒಂದೇ ಸಮ ಇದೆಯೋ ಬಂದು ಹೋಗುತ್ತದೆಯೋ ಎಂದು ಡಾಕ್ಟರು ಕೇಳಿದಾಗ ಅತ್ತಿಗೆ ಬಾಯಿ ತೆರೆದಳು, ಅವಳಿಗೆ ಗೊತ್ತಿದ್ದದ್ದು ಸೋಮವಾರದ್ದು ಮಾತ್ರ. ದೊಡ್ಡಮ್ಮ ಚೀಲದಿಂದ ಪಟ್ಟಿ ತೆಗೆದು ಹಾಸಿಗೆಯ ಕಾಲಬದಿಗೆ ಹರಡಿದಳು. ಇದು ಪ್ರತಿ ಬೆಳಿಗ್ಗೆ ಎಂಟರ ಕೈಬರಹ ಇದ್ದ ಹಾಗೆ, ಈ ಕೆಂಪು ಹೊಲಿಗೆ ಸೋಮವಾರ, ಇದು ಡಯಾಲಿಸಿಸ್‌ನ ಮಾರನೆಯ ದಿನ ಎಂದು ಬೆರಳಿಟ್ಟು ತೋರಿಸುತ್ತಾ ಹೋದಳು. ಅಡ್ಡಗೆರೆ ಯಾತಕ್ಕೆ ಎಂದು ಡಾಕ್ಟರು ಕೇಳಿದರು. ಗಂಡ, ಅತ್ತಿಗೆ ಇಬ್ಬರೂ ಪಕ್ಕದಲ್ಲಿದ್ದರು. ದೊಡ್ಡಮ್ಮನ ಕಿವಿ ಕೆಂಪಾಯಿತು.

"ಇವು ನನ್ನವು, ಡಾಕ್ಟ್ರೇ. ಅತ್ತೆ ಕೈ ಕೆಟ್ಟಿದ್ದು ಮನೇಲಿ ಗೊತ್ತಾಗಬಾರದು ಅಂತ ನಾನೇ ಮಾಡಿ ಸೇರಿಸಿದೆ. ಇವನ್ನ ಲೆಕ್ಕಕ್ಕೆ ತಗೋಬೇಡಿ."

ಡಾಕ್ಟರು ಕನ್ನಡಕ ಹಣೆಗೆ ಏರಿಸಿ ಪಟ್ಟಿಯನ್ನು ಒಂದು ತುದಿಯಿಂದ ನೋಡಿಕೊಂಡು ಬಂದರು. ಬೈಯುತ್ತಾರೆ ಎಂದು ದೊಡ್ಡಮ್ಮ ಕಾದಳು. ಅವರು ಬೈಯಲಿಲ್ಲ. ಔಷಧಿ ಒಳ್ಳೆಯದೇ, ಸೋಂಕಿಗೆ ಸರಿಯಾದದ್ದೇ ಎಂದು ವಿವರಿಸಿದರು. ಆದರೆ ಅದು ಮೈಯಿಂದ ಹೊರಗೆ ಹೋಗುವುದು ಕಿಡ್ನಿಯ ದಾರಿಯಲ್ಲಿ. ಕಿಡ್ನಿ ಕೆಲಸ ಮಾಡದವರಲ್ಲಿ ಅಳತೆ ಇಳಿಸದೆ ಕೊಟ್ಟರೆ ಮೈಯಲ್ಲೇ ಸೇರುತ್ತಾ ಹೋಗಿ ಮಿದುಳನ್ನು ಕೆಣಕುತ್ತದೆ. ಮಾತು ತೊದಲುತ್ತದೆ, ಕೈ ಎಗರುತ್ತದೆ, ಹಾಗೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ನೋಡಿದವರು ವಯಸ್ಸು ಎನ್ನುತ್ತಾರೆ, ಲಕ್ವ ಎನ್ನುತ್ತಾರೆ. ಡಯಾಲಿಸಿಸ್ ಅದನ್ನು ತೊಳೆಯುತ್ತದೆ, ಅದಕ್ಕೇ ಮಾರನೆಯ ಬೆಳಿಗ್ಗೆ ಕೈ ಸರಿಯಾಗುತ್ತಿದ್ದದ್ದು.

"ನಿನ್ನೆಯ ಸ್ಕ್ಯಾನ್‌ನಲ್ಲಿ ಇದು ಕಾಣಲ್ಲ. ಇಲ್ಲಿ ಕಾಣ್ತಿದೆ," ಎಂದರು ಡಾಕ್ಟರು, ಪಟ್ಟಿಯ ಮೇಲೆ ಬೆರಳಿಟ್ಟು.

ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ನೋಡುವ ಪರೀಕ್ಷೆಯನ್ನೂ ಮಾಡಿಸಿದರು, ಅದೂ ಅವರ ಮಾತಿಗೇ ಹೊಂದಿತು. ಆ ಇಂಜೆಕ್ಷನ್ ನಿಲ್ಲಿಸಿದರು. ಸೋಂಕನ್ನು ಬಿಡುವಂತಿಲ್ಲ, ಅದಕ್ಕೆ ಬೇರೆ ಔಷಧಿಯನ್ನು ಡಯಾಲಿಸಿಸ್ ಮುಗಿದ ಮೇಲೆ ಅಲ್ಲೇ ಕೊಡಲು ಏರ್ಪಾಡು ಮಾಡಿದರು. ಬುಧವಾರಕ್ಕೆ ಇನ್ನೊಂದು ಡಯಾಲಿಸಿಸ್ ಹೆಚ್ಚಿಗೆ ಬರೆದರು. ಸಣ್ಣ ಆಸ್ಪತ್ರೆಗೆ ತಾವೇ ಫೋನು ಮಾಡಿ ಮಾತಾಡಿದರು. ಬುದ್ಧಿ ಮರಳುತ್ತದೆಯೇ ಎಂದು ದೊಡ್ಡಪ್ಪ ಕೇಳಿದರು, ಆ ದಿನ ಅವರು ಆಡಿದ ಮೊದಲ ಮಾತು ಅದು. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಮರಳುತ್ತದೆ, ಎಲ್ಲರಿಗೂ ಎಂದು ಹೇಳಲಾರೆ, ಕಾಯೋಣ ಎಂದರು ಡಾಕ್ಟರು.

ಅಜ್ಜಿಯನ್ನು ಅಲ್ಲೇ ವಾರ್ಡಿನಲ್ಲಿ ಇಟ್ಟುಕೊಂಡರು. ಬುಧವಾರ ಅವಳು ಬಹುಪಾಲು ನಿದ್ದೆ ಮಾಡಿದಳು. ದೊಡ್ಡಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಬ್ಯಾಂಡಿನ ಕೋಟಿಗೆ ಗುಂಡಿ ಹಚ್ಚುತ್ತಿದ್ದಳು. ಅತ್ತಿಗೆ ಎದುರಿಗೆ ಕೂತಿದ್ದಳು. ಗುರುವಾರ ಅಜ್ಜಿ ಮಗಳ ಹೆಸರು ಸರಿಯಾಗಿ ಹಿಡಿದು ಕರೆದಳು. ಆದರೆ ಚಮಚವನ್ನು ಕತ್ತರಿ ಎಂದಳು. ಕೈ ಎಗರುವುದು ಕಡಿಮೆಯಾಗಿತ್ತು, ನಿಂತಿರಲಿಲ್ಲ. ಇಷ್ಟಕ್ಕೇ ನಿಂತುಬಿಟ್ಟರೆ ಎಂದು ದೊಡ್ಡಮ್ಮ ಬುತ್ತಿಯನ್ನು ಬಿಚ್ಚದೆ ಹಾಗೇ ಇಟ್ಟಳು.

ಶುಕ್ರವಾರ ಬೆಳಿಗ್ಗೆ ಅಜ್ಜಿ ಎದ್ದು ಕೂತು ಕಿಟಕಿ ಯಾವ ಕಡೆ ಇದೆ ಎಂದು ನೋಡಿದಳು. ಗಂಟೆ ಎಷ್ಟು ಎಂದು ಕೇಳಿದಳು. ಎಂಟೂಕಾಲು ಎಂದಾಗ, ಕಾಲು ಗಂಟೆ ತಡವಾಯಿತಲ್ಲ ಎಂದು ಕೈ ಚಾಚಿದಳು. ದೊಡ್ಡಮ್ಮ ಸೂಜಿ ಕೊಡಲು ಹೆದರಿ, ಪಟ್ಟಿಯನ್ನು ಮಾತ್ರ ಅವಳ ಕೈಗಿಟ್ಟಳು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಒಂದೊಂದೇ ಕಾಜಾ ಸವರುತ್ತಾ ಬಂದಳು. ಸೀಮೆಸುಣ್ಣ ಉದುರಿಹೋಗಿ ಅಡ್ಡಗೆರೆಗಳು ಒಂದೂ ಉಳಿದಿರಲಿಲ್ಲ. ಶನಿವಾರದ ಮೂರನೆಯದಕ್ಕೆ ಬಂದು ಉಗುರು ನಿಂತಿತು.

"ಇದು ನಿನ್ನದಲ್ವೇನೇ?"

"ಹೌದು ಅತ್ತೆ."

"ಇನ್ನೂ ಮೂಲೇಲಿ ದಾರ ಬಿಗಿ ಹಿಡಿಯಲ್ಲ ನೀನು. ಇಪ್ಪತ್ತು ವರ್ಷ ಆಯ್ತು ಹೇಳಿ ಹೇಳಿ."

ದೊಡ್ಡಮ್ಮ ಅಷ್ಟು ಸಂತೋಷದಿಂದ ಬೈಸಿಕೊಂಡದ್ದು ಜೀವಮಾನದಲ್ಲಿ ಅದೊಂದೇ ಸಲ. ಬಾಗಿಲ ಬಳಿ ನಿಂತಿದ್ದ ಸಿಸ್ಟರ್ ಕಣ್ಣೊರೆಸಿಕೊಂಡು ಡಾಕ್ಟರನ್ನು ಕರೆಯಲು ಓಡಿದರು. ಅತ್ತಿಗೆ ಎದ್ದು ಬಂದು ದೊಡ್ಡಮ್ಮನ ಮಡಿಲಲ್ಲಿದ್ದ ಕೋಟನ್ನು ತೆಗೆದುಕೊಂಡಳು. ನೀನು ಹೋಗಿ ಏನಾದರೂ ತಿಂದು ಬಾ, ಗುಂಡಿ ಹಚ್ಚಲು ನನಗೂ ಬರುತ್ತದೆ, ನಾನೂ ಅವಳ ಮಗಳೇ ಎಂದಳು. ಅವಳ ಬಾಯಲ್ಲಿ ಕ್ಷಮೆ ಎಂದರೆ ಅದು. ಸಂಜೆ ಅವಳು ತನ್ನ ಊರಿಗೆ ಒಬ್ಬಳೇ ಹೊರಟಳು. ಅಮ್ಮನನ್ನು ಕರೆದೊಯ್ಯುವ ಮಾತನ್ನು ಮತ್ತೆ ಎತ್ತಲಿಲ್ಲ.

ಬೇರೆ ಔಷಧಿಯಿಂದ ಸೋಂಕೂ ಹೋಯಿತು. ಕತ್ತಿನ ಪೈಪು ಬದಲಾಯಿಸಿದರು. ಅಜ್ಜಿ ಈಗ ಮೊದಲಿನಂತೆ ಎಂಟಕ್ಕೆ ಸ್ಟೂಲಿನ ಮೇಲೆ. ಆ ಒಂಬತ್ತು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಅವಳಿಗೆ ನೆನಪಿಲ್ಲ. ಬಲಗಡೆಯ ಕಾಜಾದ ಕಥೆ ಹೇಳಿದರೆ ಅವಳು ನಂಬುವುದಿಲ್ಲ. ಸೊಸೆ ತಾನು ಮಾಡಿದ ತಪ್ಪನ್ನು ಅತ್ತೆಯ ತಲೆಗೆ ಕಟ್ಟುತ್ತಿದ್ದಾಳೆ ಎನ್ನುತ್ತಾಳೆ. ದೊಡ್ಡಮ್ಮ ವಾದ ಮಾಡುವುದಿಲ್ಲ.

ಕಿಡ್ನಿ ಡಾಕ್ಟರು ಒಂದು ದಿನ ತಮ್ಮ ಬಳಿ ಕಲಿಯುವ ಐದಾರು ಜನ ಎಳೆಯ ಡಾಕ್ಟರುಗಳನ್ನು ಕರೆತಂದು, ಪಟ್ಟಿಯನ್ನು ಬಿಡಿಸಿ ತೋರಿಸಲು ದೊಡ್ಡಮ್ಮನನ್ನು ಕೇಳಿದರು. ಅವಳು ತೋರಿಸಿದಳು. ಇಂಜೆಕ್ಷನ್ನನ್ನು ತಾನು ನಿಲ್ಲಿಸಲಿಲ್ಲ, ಕೇಳುವವರೆಗೆ ತಡೆದದ್ದಷ್ಟೇ, ಯಾರೂ ತಾವೇ ಔಷಧಿ ಬಿಡಬಾರದು ಎಂಬುದನ್ನು ಅವರ ಎದುರಿಗೂ ಹೇಳಿದಳು, ಇಲ್ಲಿಯೂ ಬರೆಯಲು ಹೇಳಿದ್ದಾಳೆ. ಒಬ್ಬ ಹುಡುಗ ಡಾಕ್ಟರು, ನೀವು ಎಲ್ಲಿಯವರೆಗೆ ಓದಿದ್ದೀರಿ ಎಂದು ಕೇಳಿದರಂತೆ. ಆರನೇ ತರಗತಿ ಎಂದಳಂತೆ ದೊಡ್ಡಮ್ಮ, ತಲೆ ತಗ್ಗಿಸದೆ. ಅದನ್ನು ಕೇಳಿದಾಗಿನಿಂದ ಯಾರಾದರೂ ನನ್ನನ್ನು ಅದೇ ಪ್ರಶ್ನೆ ಕೇಳಿದರೆ ನಾನೂ ಗೋಡೆಯ ಕಡೆ ನೋಡದೆ ಉತ್ತರ ಕೊಡುತ್ತಿದ್ದೇನೆ.

ನಾಳೆ ಗುರುವಾರ. ವಕೀಲರ ಎರಡು ಕೋಟು ನಾಳೆಯೇ ಕೊಡಬೇಕಿರುವುದರಿಂದ ದೊಡ್ಡಮ್ಮನಿಗೆ ಬಿಡುವಿಲ್ಲ. ಅಜ್ಜಿಯನ್ನು ಡಯಾಲಿಸಿಸ್‌ಗೆ ನಾನು ಕರೆದುಕೊಂಡು ಹೋಗುತ್ತೇನೆ. ಔಷಧಿ ಚೀಟಿಗಳನ್ನೆಲ್ಲ ಕೈಯಲ್ಲಿ ಹಿಡಿದುಕೊಂಡು ಹೋಗುತ್ತೇನೆ. ಹೊಸದೇನಾದರೂ ಬರೆದುಕೊಟ್ಟರೆ, ಇದು ಕಿಡ್ನಿ ಇಲ್ಲದವರಿಗೆ ಕೊಡುವ ಅಳತೆಯೇ ಎಂದು ಕೇಳುತ್ತೇನೆ.